ಈ ಮಕ್ಕಳೂ ಕನ್ನಡಿಗರೇ, ಕುಲಪತಿಗಳೇ!

ನಾಮಫಲಕಕ್ಕಾಗಿ ಬೀದಿಗಿಳಿಯುವುದು ನಮಗೆ ಗೊತ್ತು. ನೌಕರಿಗಾಗಿ ಮುತ್ತಿಗೆ ಹಾಕುವುದೂ ಗೊತ್ತು. ಆದರೆ ಕಣ್ಣು ಕಾಣದ, ಕಿವಿ ಕೇಳದ, ಓದಲು ತಿಣುಕಾಡುವ ಕನ್ನಡದ ಮಕ್ಕಳಿಗಾಗಿ ಒಮ್ಮೆಯಾದರೂ ದನಿ ಎತ್ತಿದ್ದೇವೆಯೇ?

ಕಾನೂನಿಗೇನೂ ಬರವಿಲ್ಲ. ವಿಶೇಷ ಶಿಕ್ಷಕರ ತರಬೇತಿಯ ಮಟ್ಟ ನಿಗದಿ ಮಾಡಲು 1992ರ ಕಾಯ್ದೆಯಂತೆ ದೆಹಲಿಯಲ್ಲಿ ಭಾರತೀಯ ಪುನರ್ವಸತಿ ಪರಿಷತ್ತು ಇದೆ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಬೇಕೆಂದು ಕೇಂದ್ರ 2022ರಲ್ಲಿ ಹೇಳಿತು. ಹುದ್ದೆ ಗೊತ್ತುಮಾಡಿ ತುಂಬಿ ಎಂದು ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ತಾಕೀತು ಮಾಡಿತು. ಸರಿ, ತುಂಬುವುದು ಎಂಥವರಿಂದ?

ದೆಹಲಿಯ ಅಳತೆಗೋಲು ದೇಶಕ್ಕೆಲ್ಲ ಒಂದೇ. ಮಕ್ಕಳ ಭಾಷೆ ಒಂದೇ ಅಲ್ಲ! ‘ಅಕ್ಕ’ ಎಂಬ ಪದವನ್ನೇ ನೋಡಿ. ಕಾಗದದಲ್ಲಿ ಒತ್ತು ಕೆಳಗೆ ಬರುತ್ತದೆ. ಬ್ರೈಲ್‌ನಲ್ಲಿ ಕೆಳಗೆ ಜಾಗವಿಲ್ಲ. ಅರ್ಧಾಕ್ಷರದ ಗುರುತಿನ ಚುಕ್ಕಿ ಮೊದಲು, ಆಮೇಲೆ ಎರಡು ‘ಕ’ ಸಾಲಾಗಿ. ಇಂಗ್ಲಿಷ್ ಬ್ರೈಲ್ ಮಾತ್ರ ಕಲಿತವರು ಇದನ್ನು ಹೇಗೆ ಕಲಿಸುತ್ತಾರೆ?

ಮನೆಗೆ, ಮನೆಯಲ್ಲಿ, ಮನೆಯಿಂದ: ನಮ್ಮಲ್ಲಿ ಅರ್ಥ ಬದಲಾಗುವುದು ಪದದ ಬಾಲದಲ್ಲಿ. ಕಿವಿ ಮಂದವಾದ ಮಗುವಿಗೆ ತಪ್ಪಿಹೋಗುವುದೂ ಆ ಬಾಲವೇ. ಇನ್ನು ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತು ಸೇರಿ ನೂರಾರು ರೂಪ. ಅವು ಕೈವಶವಾಗಲು ಯಾವ ಮಗುವಿಗಾದರೂ ವರ್ಷಗಳೇ ಬೇಕು. ಇಂಗ್ಲಿಷಿಗೆಂದು ಮಾಡಿದ ಪರೀಕ್ಷೆಯಿಂದ ಅಳೆದು ದಡ್ಡನೆಂಬ ಪಟ್ಟ ಕಟ್ಟುವುದು ಯಾವ ನ್ಯಾಯ?

ಇದೆಲ್ಲ ತಿಳಿದವರು ನಮ್ಮಲ್ಲಿಲ್ಲವೇ? ಇದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ನಮ್ಮ ನೆಲದಲ್ಲೇ ಇದೆ. ಕನ್ನಡ ಮಕ್ಕಳ ನುಡಿಯ ಬಗ್ಗೆ ಅಲ್ಲಿ ನಡೆದ ಸಂಶೋಧನೆ ಪ್ರತಿ ತರಬೇತಿ ಕಾಲೇಜಿಗೂ ಕನ್ನಡದಲ್ಲಿ ತಲುಪಬೇಕು.

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಆದಷ್ಟೂ ತಾಯ್ನುಡಿಯಲ್ಲೇ ಕಲಿಸಬೇಕೆನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆ ಈ ಮಕ್ಕಳನ್ನು ಹೊರಗಿಟ್ಟಿಲ್ಲ. ಆದ್ದರಿಂದ ನಮ್ಮ ಹಕ್ಕೊತ್ತಾಯ ಮೂರು: ಅಂಧ ಮಕ್ಕಳಿಗೆ ಕಲಿಸುವವರಿಗೆ ಕನ್ನಡ ಬ್ರೈಲ್‌ನ ಪ್ರಾಯೋಗಿಕ ಪರೀಕ್ಷೆ ಕಡ್ಡಾಯ, ನಪಾಸಾದರೆ ಪದವಿಯಿಲ್ಲ. ಬೋಧನಾಭ್ಯಾಸ ಕನ್ನಡ ಶಾಲೆಗಳಲ್ಲೂ ನಡೆಯಲಿ. ವಿಶೇಷ ಬಿ.ಎಡ್.ನ ಪ್ರತಿ ವಿಷಯಕ್ಕೂ ವಿಶ್ವವಿದ್ಯಾಲಯಗಳೇ ಕನ್ನಡದಲ್ಲಿ ಪಠ್ಯ ತರಲಿ.

ಗೆಳೆಯರೇ, ನಿಮ್ಮೂರಿನ ವಿಶೇಷ ಬಿ.ಎಡ್. ಕಾಲೇಜಿಗೆ ಹೋಗಿ. ಈ ಮೂರನ್ನೂ ಕೇಳಿ. ಲಿಖಿತ ಉತ್ತರ ಕೈಗೆ ಬರುವ ತನಕ ಹಿಂದಿರುಗಬೇಡಿ!