ಡಬ್ಬಿ ಬದಲಿಸುವ ಮುನ್ನ



ರಿಚಾರ್ಜ್ ಮುಗಿಯುವ ದಿನ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಮಾತು ಏಳುತ್ತದೆ. "ಟಿ.ವಿ.ಗೆ ಇಷ್ಟೊಂದು ರೊಕ್ಕ ಯಾಕ ಕಟ್ಟಬೇಕು? ಆ ಕಂಪೆನಿದು ಅಗ್ಗ ಅದ, ಅದನ್ನೇ ಹಾಕ್ಸಮು." ಮಾತು ಎತ್ತುವವರು ಮನೆಯ ಗಂಡಸರು ಅಥವಾ ಬೆಳೆದ ಮಕ್ಕಳು. ಲೆಕ್ಕ ಹಾಕುವವರೂ ಅವರೇ. ಮರುದಿನ ಒಬ್ಬ ಹುಡುಗ ಏಣಿ ಹೊತ್ತು ಬರುತ್ತಾನೆ. ಮಾಳಿಗೆ ಹತ್ತಿ ಡಿಶ್ ತಿರುಗಿಸುತ್ತಾನೆ, ಹಳೆಯ ಸೆಟ್‌ಟಾಪ್ ಬಾಕ್ಸ್ ಕಳಚಿ ಹೊಸದನ್ನು ಇಟ್ಟು ಹೋಗುತ್ತಾನೆ. ಅರ್ಧ ಗಂಟೆಯ ಕೆಲಸ. ಆದರೆ ಆ ಹಳೆಯ ಡಬ್ಬಿಯೊಳಗೆ ಏನಿತ್ತು ಎಂದು ಮನೆಯ ಹೆಂಗಸರನ್ನು ಯಾರಾದರೂ ಕೇಳುತ್ತಾರೆಯೇ?

ನಮ್ಮ ಮನೆಯಲ್ಲೂ ಯಾರೂ ಕೇಳಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನೇ ಈ ಸಲ ನಿಮ್ಮ ಮುಂದಿಡುತ್ತಿದ್ದೇನೆ.

ಸೇಡಂನ ನಮ್ಮ ಮನೆಯಲ್ಲಿದ್ದುದು ರೆಕಾರ್ಡ್ ಮಾಡಿಕೊಳ್ಳುವ ಡಬ್ಬಿ. ನನ್ನ ಮಾವನವರಿಗೆ ಚಿಂಚೋಳಿ ಕಡೆ ಸ್ವಲ್ಪ ತೊಗರಿ ಹೊಲವಿತ್ತು. 2014ರಲ್ಲಿ ಒಮ್ಮೆ ತೊಗರಿ ಬೆಳೆಯ ಬಗ್ಗೆ ಟಿ.ವಿ.ಯವರು ರೈತರನ್ನು ಮಾತನಾಡಿಸಿದಾಗ ಮಾವನವರೂ ಮೂರು ನಿಮಿಷ ಮಾತನಾಡಿದ್ದರು. ತಲೆಗೆ ಬಿಳಿ ಟೊಪ್ಪಿ, ಕೈಯಲ್ಲಿ ತೊಗರಿಯ ಟೊಂಗೆ. ಆ ಕಾರ್ಯಕ್ರಮವನ್ನು ನಾವು ಡಬ್ಬಿಯಲ್ಲಿ ಹಿಡಿದಿಟ್ಟುಕೊಂಡಿದ್ದೆವು. 2018ರಲ್ಲಿ ಮಾವನವರು ತೀರಿಕೊಂಡರು. ಆ ಬಳಿಕ ಅತ್ತೆಯವರು ಹಬ್ಬದ ದಿನ ಎಲ್ಲರ ಊಟ ಮುಗಿದ ಮೇಲೆ, "ಬೇಟಾ, ಅಬ್ಬಾಂದು ಹಚ್ಚು" ಎನ್ನುತ್ತಿದ್ದರು. ಮೂರು ನಿಮಿಷ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು.

2019ರ ಫೆಬ್ರವರಿಯಿಂದ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂದದ್ದು ನಿಮಗೆ ನೆನಪಿರಬಹುದು. ಮೊದಲ 100 ವಾಹಿನಿಗಳಿಗೆ 130 ರೂಪಾಯಿಯವರೆಗೆ ಶುಲ್ಕ, ಅದರ ಮೇಲೆ ತೆರಿಗೆ, ಹಣ ಕೊಟ್ಟು ನೋಡುವ ವಾಹಿನಿಗಳಿಗೆ ಬೇರೆ ಬೇರೆ ದರ. ಎಲ್ಲರ ಮನೆಯಲ್ಲೂ ಲೆಕ್ಕ ತಲೆಕೆಳಗಾಯಿತು. ನಮ್ಮಲ್ಲೂ ಕಂಪೆನಿ ಬದಲಿಸಿದರು. ಆ ಜೂನ್‌ನಲ್ಲಿ ಈದ್ ಬಂತು. ಅತ್ತೆಯವರು ಎಂದಿನಂತೆ "ಹಚ್ಚು ಬೇಟಾ" ಎಂದರು. ಹೊಸ ಡಬ್ಬಿಯಲ್ಲಿ ಏನಿದ್ದೀತು? ಅಟ್ಟದ ಮೇಲಿದ್ದ ಹಳೆಯದನ್ನು ಇಳಿಸಿ ಹಚ್ಚಿದರೆ ಹೆಸರುಗಳ ಪಟ್ಟಿ ಕಾಣುತ್ತದೆ, ಒತ್ತಿದರೆ ತೆರೆಯುವುದಿಲ್ಲ. ಚಂದಾ ಇಲ್ಲ ಎನ್ನುತ್ತದೆ. ಅತ್ತೆಯವರು ಏನೂ ಹೇಳಲಿಲ್ಲ. ಆ ಮೌನ ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಹೀಗೇಕಾಯಿತು? ಇದನ್ನು ನಾವು ಹೆಂಗಸರೂ ತಿಳಿದುಕೊಂಡಿರಬೇಕು. ಕಷ್ಟದ ವಿದ್ಯೆಯೇನಲ್ಲ. ಡಿ.ಟಿ.ಎಚ್. ಅಥವಾ ಕೇಬಲ್ ಡಬ್ಬಿ ರೆಕಾರ್ಡ್ ಮಾಡಿದ ಕಾರ್ಯಕ್ರಮವನ್ನು ಸಾಮಾನ್ಯವಾಗಿ ಬೀಗ ಹಾಕಿಯೇ ಇಡುತ್ತದೆ. ಬೀಗದ ಕೈ ಇರುವುದು ಆ ಡಬ್ಬಿಯಲ್ಲಿ ಮತ್ತು ಆ ಕಂಪೆನಿಯ ಚಂದಾದಲ್ಲಿ. ಡಬ್ಬಿಗೆ ನಿಮ್ಮದೇ ಪೆನ್‌ಡ್ರೈವ್ ಚುಚ್ಚಿ ರೆಕಾರ್ಡ್ ಮಾಡಿದ್ದರೂ ಅಷ್ಟೇ. ಅದನ್ನು ಕಿತ್ತು ಕಂಪ್ಯೂಟರಿಗೆ ಹಾಕಿದರೆ ಬಹುತೇಕ ತೆರೆಯುವುದಿಲ್ಲ. ಪೆಟ್ಟಿಗೆ ನಮ್ಮ ಮನೆಯಲ್ಲಿದೆ, ಕೀಲಿ ಕಂಪೆನಿಯವರ ಸೊಂಟದಲ್ಲಿದೆ. ಚಂದಾ ನಿಂತರೆ ಕೀಲಿಯೂ ಹೋಯಿತು.

ಮೊಬೈಲ್ ಕಂಪೆನಿ ಬದಲಿಸಿದರೆ 2011ರಿಂದ ನಂಬರು ನಮ್ಮ ಜೊತೆಗೇ ಬರುತ್ತದೆ. ಟಿ.ವಿ. ಡಬ್ಬಿಗೆ ಆ ಭಾಗ್ಯವಿಲ್ಲ. ಯಾವ ಕಂಪೆನಿಯ ಸೇವೆಗೂ ಒಗ್ಗುವ ಡಬ್ಬಿ ಇರಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಆದರೂ ಕಂಪೆನಿ ಬದಲಿಸುವ ಮನೆಗೆ ಹೊಸ ಡಬ್ಬಿ ಬರುವುದು ತಪ್ಪಿಲ್ಲ.

ಮೊದಲು ಇಷ್ಟೊಂದು ಬೀಗಗಳಿರಲಿಲ್ಲ. ನಮ್ಮ ಜಿಲ್ಲೆಗೆ ಟಿ.ವಿ. ಬಂದ ಕಥೆಯೇ ಸ್ವಾರಸ್ಯದ್ದು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು 'ಸೈಟ್' ಎಂಬ ಪ್ರಯೋಗ ನಡೆಯಿತು. ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳನ್ನು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರವೇ ಆಯಿತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ಹಿಂದುಳಿದವರು ಎಂದು ಹೆಸರಿಟ್ಟುಕೊಂಡ ನಮ್ಮ ಹಿರಿಯರು ರಾಜಧಾನಿಯವರಿಗಿಂತ ಮೊದಲೇ ಟಿ.ವಿ. ಕಂಡವರು! ಆದರೆ ಅಂದು ಕಂಡದ್ದು ಅಂದಿಗೇ ಮುಗಿಯುತ್ತಿತ್ತು. ಹಿಡಿದಿಡುವ ದಾರಿ ಮನೆಗಳಲ್ಲಿರಲಿಲ್ಲ.

ಮುಂದೆ ವಿ.ಸಿ.ಆರ್. ಬಂತು. ಆಮೇಲೆ ಕಂಪ್ಯೂಟರ್ ಬಂತು. ವಾಡಿಯ ಸಿಮೆಂಟ್ ಕಾಲನಿಯಲ್ಲಿರುವ ನನ್ನ ನಾದಿನಿಯ ಮಗನಿಗೆ ಇಂಥದ್ದರಲ್ಲಿ ಬಹಳ ಆಸೆ. ಕಚೇರಿಯೊಂದು ಮಾರಿದ ಹಳೆಯ ಕಂಪ್ಯೂಟರ್ ತಂದು ಅದಕ್ಕೆ ಟಿ.ವಿ. ಟ್ಯೂನರ್ ಕಾರ್ಡ್ ಕೂರಿಸಿದ್ದ. ಕೇಬಲ್ ವೈರನ್ನು ನೇರವಾಗಿ ಚುಚ್ಚಿದರೆ ಸಾಕು, ಯಾವ ವಾಹಿನಿಯನ್ನಾದರೂ ಹೊತ್ತು ಗೊತ್ತು ಮಾಡಿ ರೆಕಾರ್ಡ್ ಮಾಡುತ್ತಿತ್ತು. ಕೇಬಲ್‌ನವರು ಬದಲಾದರೂ ಅವನ ಕಂಪ್ಯೂಟರಿಗೆ ಚಿಂತೆಯಿರಲಿಲ್ಲ. ಕೇಬಲ್ ಟಿ.ವಿ. ಡಿಜಿಟಲ್ ಆಗಲು ದೇಶದ ಉಳಿದೆಲ್ಲ ಭಾಗಕ್ಕೆ 2017ರ ಮಾರ್ಚ್ 31 ಕೊನೆಯ ದಿನವಾಯಿತು. ಆಮೇಲೆ ಆ ವೈರಿನಲ್ಲಿ ಬರುವುದೆಲ್ಲ ಬೀಗ ಹಾಕಿದ ಸಂಕೇತ. ಕಾರ್ಡಿಗೆ ಕುರುಡು ಬಂದಂತಾಯಿತು. ಆದರೆ ಅವನು ಅದುವರೆಗೆ ಹಿಡಿದಿಟ್ಟದ್ದು ಮಾತ್ರ ಇವತ್ತಿಗೂ ತೆರೆಯುತ್ತದೆ. ಏಕೆಂದರೆ ಅದಕ್ಕೆ ಬೀಗವಿಲ್ಲ.

ನಮ್ಮ ಕಷ್ಟ ಕೇಳಿ ಆ ಹುಡುಗನೇ ವಾಡಿಯಿಂದ ಬಂದ. "ಮಾಮಿ, ಡಬ್ಬಿ ಒಡಿಯೋದು ಬ್ಯಾಡ. ಒಂದ್ ತಿಂಗಳ ರೊಕ್ಕ ಹಾಕ್ರಿ, ಸಾಕು" ಎಂದ. ಹಳೆಯ ಖಾತೆಗೆ ಒಂದು ತಿಂಗಳ ರಿಚಾರ್ಜ್ ಮಾಡಿಸಿದೆವು. ಡಿಶ್ ಹೊಸ ಕಂಪೆನಿಯ ಉಪಗ್ರಹದ ಕಡೆ ತಿರುಗಿತ್ತು. ಒಂದೊಂದು ಕಂಪೆನಿಯ ಉಪಗ್ರಹ ಆಕಾಶದಲ್ಲಿ ಒಂದೊಂದು ಕಡೆ ಇರುತ್ತದಲ್ಲ! ಡಿಶ್ಶನ್ನು ಮತ್ತೆ ಹಳೆಯ ದಿಕ್ಕಿಗೆ ಹೊರಳಿಸಿದರು. ಸಂಕೇತ ಸಿಕ್ಕು ಡಬ್ಬಿ ಎಚ್ಚರಗೊಂಡಿತು. ಅದರ ಹಿಂದಿನ ಕೆಂಪು, ಬಿಳಿ, ಹಳದಿ ವೈರುಗಳನ್ನು ಒಂದು ಚಿಕ್ಕ ಕ್ಯಾಪ್ಚರ್ ಸಾಧನದ ಮೂಲಕ ಕಂಪ್ಯೂಟರಿಗೆ ಜೋಡಿಸಿದ. ಡಬ್ಬಿಯಲ್ಲಿ ಹಚ್ಚಿದ್ದನ್ನು ಕಂಪ್ಯೂಟರ್ ಬರೆದುಕೊಂಡಿತು. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಅರ್ಧ ಗಂಟೆಯೇ ಬೇಕು, ಅವಸರ ನಡೆಯುವುದಿಲ್ಲ. ಚಿತ್ರ ಸ್ವಲ್ಪ ಮಸುಕಾಯಿತು. ಮಾವನವರ ದನಿ ಮಾತ್ರ ಮೊದಲಿನಂತೆಯೇ ಇತ್ತು.

ಎಲ್ಲರಿಗೂ ಈ ಅದೃಷ್ಟವಿಲ್ಲ. ಶಹಾಬಾದ್‌ನ ನನ್ನ ಗೆಳತಿಯ ಮನೆಯಲ್ಲಿ ಡಬ್ಬಿ ಬಾಡಿಗೆಯದಾಗಿತ್ತು. ಕಂಪೆನಿ ಬದಲಿಸಿದ ದಿನವೇ ಅದನ್ನು ಹಿಂದಕ್ಕೆ ಒಯ್ದರು. ಅದರಲ್ಲಿ ಅವಳ ಮಗಳು ಶಾಲೆಯ ಕ್ವಿಜ್ ತಂಡದಲ್ಲಿ ಟಿ.ವಿ.ಯಲ್ಲಿ ಕಾಣಿಸಿಕೊಂಡದ್ದಿತ್ತು. ಈಗ ಆ ಮಗಳು ಗಂಡನ ಮನೆಗೆ ಹೋಗಿದ್ದಾಳೆ. "ಇದ್ದದ್ದೇ ನೆನಪಿಲ್ಲದೆ ಕೊಟ್ಟು ಬಿಟ್ಟೆ" ಎಂದು ಗೆಳತಿ ಇವತ್ತಿಗೂ ಹೇಳಿಕೊಳ್ಳುತ್ತಾಳೆ.

ಆದ್ದರಿಂದ ಸಹೋದರಿಯರೇ, ನಿಮ್ಮ ಮನೆಯಲ್ಲಿ ಡಬ್ಬಿ ಬದಲಿಸುವ ಮಾತು ಬಂದಾಗ ಈ ನಾಲ್ಕು ವಿಷಯ ನೆನಪಿಡಿ.

ಒಂದು, ಹಳೆಯ ಚಂದಾ ಇನ್ನೂ ಜೀವಂತ ಇರುವಾಗಲೇ ರೆಕಾರ್ಡಿಂಗ್ ಪಟ್ಟಿ ತೆರೆದು ಮನೆಯವರೆಲ್ಲ ಕೂತು ನೋಡಿ. ಮುಖ್ಯವಾಗಿ ಹಿರಿಯರನ್ನು ಕೇಳಿ. ನಮಗೆ ಕಸವೆನಿಸಿದ್ದು ಅವರಿಗೆ ಜೀವವಾಗಿರಬಹುದು.

ಎರಡು, ಬೇಕಾದದ್ದನ್ನು ಮೂರು ಬಣ್ಣದ ವೈರಿನ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಎಚ್.ಡಿ.ಎಂ.ಐ. ವೈರಿನಲ್ಲಿ ನಕಲು ತಡೆಯುವ ಬೀಗ ಇರುವುದರಿಂದ ಅದರಲ್ಲಿ ಆಗದಿರಬಹುದು. ಬೀಗ ಒಡೆದುಕೊಡುತ್ತೇವೆಂದು ಸಾಫ್ಟ್‌ವೇರ್ ಮಾರುವವರನ್ನು ಹತ್ತಿರ ಸೇರಿಸಬೇಡಿ.

ಮೂರು, ಡಬ್ಬಿ ನಮ್ಮದೋ ಬಾಡಿಗೆಯದೋ ಎಂದು ರಸೀದಿಯಲ್ಲಿ ನೋಡಿ. ಬಾಡಿಗೆಯದಾದರೆ ಮೊದಲು ಇಳಿಸಿಕೊಳ್ಳುವ ಕೆಲಸ, ಆಮೇಲೆ ಹಿಂದಿರುಗಿಸುವ ಕೆಲಸ.

ನಾಲ್ಕು, ಇಳಿಸಿಕೊಂಡದ್ದನ್ನು ಎರಡು ಕಡೆ ಇಡಿ. ಒಂದು ಹಾರ್ಡ್‌ಡಿಸ್ಕ್ ನಿಮ್ಮಲ್ಲಿ, ಇನ್ನೊಂದು ಪ್ರತಿ ತವರುಮನೆಯಲ್ಲೋ ಮಗಳ ಮನೆಯಲ್ಲೋ ಇರಲಿ. ನಮ್ಮ ಕಡೆಯ ಬಿಸಿಲು, ಸಿಮೆಂಟ್ ಮತ್ತು ಕಲ್ಲಿನ ಧೂಳು, ಹೇಳದೆ ಕೇಳದೆ ಹೋಗುವ ಕರೆಂಟು, ಮೂರೂ ಯಂತ್ರಗಳಿಗೆ ಶತ್ರುಗಳೇ.

ಇನ್ನು ಕಂಪೆನಿ ಬದಲಾದರೂ ರೆಕಾರ್ಡಿಂಗ್ ಏರ್ಪಾಟು ಬದಲಾಗಬಾರದು ಎನ್ನುವವರಿಗೆ ಒಂದು ದಾರಿಯಿದೆ. ಚಿತ್ತಾಪುರದಲ್ಲಿರುವ ನನ್ನ ತಂಗಿ ಹಿಡಿದ ದಾರಿ ಅದು. ದೂರದರ್ಶನದ ಫ್ರೀ ಡಿಶ್ 2004ರ ಡಿಸೆಂಬರ್‌ನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು. ಇದಕ್ಕೆ ತಿಂಗಳ ಚಂದಾ ಇಲ್ಲ. ಅದರ ಹಳೆಯ ಎಂಪೆಗ್-2 ಮಾದರಿಯ ವಾಹಿನಿಗಳಿಗೆ ಬೀಗವೂ ಇಲ್ಲ. ಉಪಗ್ರಹ ಸಂಕೇತ ಹಿಡಿಯುವ ಡಿ.ವಿ.ಬಿ.-ಎಸ್. ಟ್ಯೂನರ್ ಕಾರ್ಡ್ ಕಂಪ್ಯೂಟರಿನಲ್ಲಿದ್ದರೆ ಈ ವಾಹಿನಿಗಳನ್ನು ನೇರವಾಗಿ ರೆಕಾರ್ಡ್ ಮಾಡಬಹುದು. ಅದಕ್ಕೆ ನೆಕ್ಸ್ಟ್‌ಪಿ.ವಿ.ಆರ್.ನಂತಹ ಉಚಿತ ಸಾಫ್ಟ್‌ವೇರ್‌ಗಳಿವೆ. ವಿಂಡೋಸ್ ಮೀಡಿಯಾ ಸೆಂಟರ್ ನಂಬಿಕೊಂಡಿದ್ದವರಿಗೆ 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದು ಸಿಗಲಿಲ್ಲ ಎಂಬುದನ್ನೂ ಮರೆಯಬಾರದು. ಕಂಪೆನಿ ಮಾತ್ರವಲ್ಲ, ಸಾಫ್ಟ್‌ವೇರ್ ಕೂಡ ಕೈಬಿಡುತ್ತದೆ. ಆದ್ದರಿಂದ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವ ಸಾಮಾನ್ಯ ವಿಡಿಯೊ ಫೈಲ್ ಆಗಿ ಇಟ್ಟುಕೊಳ್ಳುವುದೇ ಜಾಣತನ.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬರುತ್ತಿದ್ದವು. ತಂಗಿಯ ಮಗಳು ಆಗ ಒಂಬತ್ತನೇ ತರಗತಿ. ಮನೆಯಲ್ಲಿದ್ದ ಒಂದೇ ದೊಡ್ಡ ಮೊಬೈಲು ಅವಳ ಅಬ್ಬಾ ಕೆಲಸಕ್ಕೆ ಹೋದಾಗ ಅವರ ಜೊತೆಗೇ ಹೋಗುತ್ತಿತ್ತು. ಪಾಠದ ಹೊತ್ತಿಗೇ ಮನೆಗೆಲಸವೂ ಇರುತ್ತಿತ್ತು. ಕಂಪ್ಯೂಟರ್ ಪಾಠ ಹಿಡಿದಿಡುತ್ತಿತ್ತು, ಹುಡುಗಿ ಇಶಾ ಆದ ಮೇಲೆ ಕೂತು, ತಿಳಿಯದ ಲೆಕ್ಕವನ್ನು ಮೂರು ಮೂರು ಸಲ ಹಿಂದೆ ತಿರುಗಿಸಿ ನೋಡುತ್ತಿದ್ದಳು. ಕಂಪ್ಯೂಟರಿಗೆ ಒಂದು ಯು.ಪಿ.ಎಸ್. ಇಟ್ಟಿದ್ದರಿಂದ ಕರೆಂಟು ಹೋದರೂ ಪಾಠ ಅರ್ಧಕ್ಕೆ ಮುರಿಯಲಿಲ್ಲ. ಆಮೇಲೆ ತಂಗಿಯ ಮನೆಯಲ್ಲಿ ಹಣ ಕಟ್ಟುವ ಡಿ.ಟಿ.ಎಚ್. ಎರಡು ಬಾರಿ ಬದಲಾಗಿದೆ. ಫ್ರೀ ಡಿಶ್‌ನ ಪುಟ್ಟ ಡಿಶ್ ಬೇರೆಯೇ ಇರುವುದರಿಂದ ಕಂಪ್ಯೂಟರಿನ ಕೆಲಸ ಒಂದು ದಿನವೂ ನಿಂತಿಲ್ಲ.

ಖರ್ಚು, ಜಾಗದ ಲೆಕ್ಕವನ್ನೂ ನೋಡೋಣ. ಇಂಥ ಒಂದು ಗಂಟೆಯ ಕಾರ್ಯಕ್ರಮ ಸುಮಾರು ಒಂದರಿಂದ ಎರಡು ಜಿ.ಬಿ. ಜಾಗ ಹಿಡಿಯುತ್ತದೆ. 500 ಜಿ.ಬಿ.ಯ ಹಳೆಯ ಹಾರ್ಡ್‌ಡಿಸ್ಕ್ ಇದ್ದರೂ 250 ಗಂಟೆಗೆ ಮೋಸವಿಲ್ಲ. ಪೆನ್‌ಡ್ರೈವಿಗೆ ಹಾಕುವಾಗ ಒಂದು ಎಚ್ಚರ: ಅದು ಎಫ್.ಎ.ಟಿ.-32 ಮಾದರಿಯದಾದರೆ 4 ಜಿ.ಬಿ.ಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ.

ಹೀಗೆ ರೆಕಾರ್ಡ್ ಮಾಡುವುದು ತಪ್ಪಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮಿನಲ್ಲಿ, ರೆಕಾರ್ಡ್ ಮಾಡಿಕೊಂಡವರು ತಮ್ಮ ಖಾಸಗಿ ಬಳಕೆಗಾಗಿ ಮಾಡಿದ್ದು ಪ್ರಸಾರದ ಹಕ್ಕಿನ ಉಲ್ಲಂಘನೆಯಲ್ಲ ಎಂದಿದೆ. ಆದರೆ ಅದನ್ನು ಮಾರುವುದು, ಊರಿಗೆಲ್ಲ ಹಂಚುವುದು ಖಾಸಗಿ ಬಳಕೆಯಲ್ಲ. ಮನೆಯದು ಮನೆಯಲ್ಲೇ ಇರಲಿ.

ಈಗ ಬಹಳ ಮನೆಗಳಿಗೆ ಇಂಟರ್‌ನೆಟ್ ಮೂಲಕವೇ ಟಿ.ವಿ. ಬರುತ್ತಿದೆ. ಮೊಬೈಲ್ ಆ್ಯಪ್‌ನಲ್ಲಿ 'ಡೌನ್‌ಲೋಡ್' ಎಂದು ಒತ್ತಿದ ಕೂಡಲೇ ಅದು ನಮ್ಮದಾಯಿತೆಂದು ಮಕ್ಕಳು ತಿಳಿಯುತ್ತಾರೆ. ಚಂದಾ ಮುಗಿದ ಮೇಲೆ ಅದೂ ತೆರೆಯುವುದಿಲ್ಲ. ಡಬ್ಬಿ ಹೋಗಿ ಆ್ಯಪ್ ಬಂದರೂ ಕೀಲಿಯ ಕಥೆ ಅದೇ. 2024ರ ಜುಲೈಯಲ್ಲಿ ಟ್ರಾಯ್ ಆ 130 ರೂಪಾಯಿಯಂಥ ಶುಲ್ಕದ ಮಿತಿಯನ್ನೂ ತೆಗೆದು ದರವನ್ನು ಕಂಪೆನಿಗಳಿಗೇ ಬಿಟ್ಟಿದೆ. ಹಾಗಾಗಿ ಕಂಪೆನಿ ಬದಲಿಸುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಏಳುತ್ತಲೇ ಇರುತ್ತದೆ. ಬದಲಿಸುವುದು ತಪ್ಪಲ್ಲ. ದುಂದು ತಪ್ಪಿದರೆ ಒಳ್ಳೆಯದೇ. ಆದರೆ ತಿಂಗಳಿಗೆ ಐವತ್ತು ರೂಪಾಯಿ ಉಳಿಸುವ ಲೆಕ್ಕದಲ್ಲಿ ಮತ್ತೆ ಸಿಗದ ಒಂದು ದನಿ ಕಳೆದುಹೋಗಬಾರದು.

ಎಲ್ಲವನ್ನೂ ಕೂಡಿಡಬೇಕೆಂದು ನಾನು ಹೇಳುತ್ತಿಲ್ಲ. ಧಾರಾವಾಹಿಗಳು ಬರುತ್ತವೆ, ಹೋಗುತ್ತವೆ. ನಮ್ಮ ಹಳೆಯ ಡಬ್ಬಿಯಲ್ಲಿದ್ದ ಎಪ್ಪತ್ತೆಂಟು ರೆಕಾರ್ಡಿಂಗ್‌ಗಳಲ್ಲಿ ನಾವು ಇಳಿಸಿಕೊಂಡದ್ದು ಐದನ್ನು ಮಾತ್ರ. ಉಳಿದದ್ದು ಹೋದದ್ದಕ್ಕೆ ಯಾರೂ ಮರುಗಲಿಲ್ಲ.

ಅಂದು ಕೆಲಸ ಮುಗಿದಾಗ ರಾತ್ರಿ ಹತ್ತಾಗಿತ್ತು. ಅತ್ತೆಯವರು ಮಲಗಿದ್ದರು. ಬೆಳಿಗ್ಗೆ ತೋರಿಸೋಣವೆಂದುಕೊಂಡು ಸರಿಯಾಗಿ ಬಂದಿದೆಯೇ ಎಂದು ಒಮ್ಮೆ ಹಚ್ಚಿ ನೋಡಿದೆವು. "ಮಳಿ ಸರಿ ಟೈಮಿಗೆ ಬಂದ್ರ ತೊಗರಿ ಯಾರಿಗೂ ಮೋಸ ಮಾಡಲ್ರಿ" ಎಂದು ಮಾವನವರ ದನಿ ಕೇಳಿದ್ದೇ ತಡ, ಒಳಕೋಣೆಯ ಬಾಗಿಲು ತೆರೆಯಿತು. ಅತ್ತೆಯವರು ಬಂದು ನನ್ನ ಪಕ್ಕ ಕೂತರು. ಮೂರು ನಿಮಿಷ ಮುಗಿಯಿತು. ಅವರು ಏಳಲಿಲ್ಲ.

"ಇನ್ನೊಂದ್ ಸಲ ಹಚ್ಚು ಬೇಟಾ" ಎಂದರು.