ಮೂವತ್ತು ದಿನದೊಳಗೆ

ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಹೊರಬಂದು ತಾಯಿಯ ಮಡಿಲು ಸೇರಿದಾಗ ಮನೆಯವರ ಎದೆ ಹಗುರವಾಗುತ್ತದೆ. ಗಂಡಾಂತರ ಕಳೆಯಿತೆಂದು ಎಲ್ಲರೂ ಭಾವಿಸುತ್ತಾರೆ. ಉಸಿರಿನ ಮಟ್ಟಿಗೆ ಅದು ನಿಜವಿರಬಹುದು. ಕಣ್ಣಿನ ಮಟ್ಟಿಗೆ ಗಂಡಾಂತರವು ಆಗ ತಾನೇ ಮೊದಲಾಗಿರುವುದೂ ಉಂಟು.

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ಪೊರೆಯೇ ಅಕ್ಷಿಪಟ. ಗರ್ಭದಲ್ಲಿ ನಾಲ್ಕನೆಯ ತಿಂಗಳಿನ ವೇಳೆಗೆ ಅದರ ನಡುವಿನಿಂದ ರಕ್ತನಾಳಗಳು ಹೊರಟು, ಚಪ್ಪರಕ್ಕೆ ಹಬ್ಬುವ ಬಳ್ಳಿಯಂತೆ ಅಂಚಿನ ಕಡೆಗೆ ಸಾಗುತ್ತವೆ. ಅಂಚು ಮುಟ್ಟುವ ಹೊತ್ತಿಗೆ ಒಂಬತ್ತು ತಿಂಗಳು ತುಂಬಿರುತ್ತದೆ. ಏಳನೆಯ ತಿಂಗಳಿಗೇ ಹುಟ್ಟಿದ ಕೂಸಿನಲ್ಲಿ ಈ ಬಳ್ಳಿ ನಡುದಾರಿಯಲ್ಲಿ ತಡೆಯುತ್ತದೆ. ಆಮೇಲೆ, ರಕ್ತ ಸಾಲದ ಅಂಚಿನ ಬಳಿ ಹೊಸ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಗಾಯದ ಕಲೆಯಂತೆ ಕುಗ್ಗಿ, ಅಕ್ಷಿಪಟವನ್ನೇ ಗೋಡೆಯಿಂದ ಎಳೆದು ಬಿಡಿಸಬಲ್ಲವು. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯದು. ಪಾಪೆಯಲ್ಲಿ ಬಿಳಿಯ ಹೊಳಪು ಕಾಣುವ ವೇಳೆಗೆ ವೈದ್ಯರ ಕೈಯಲ್ಲಿ ಉಳಿಯುವುದು ಅಲ್ಪವೇ.

ಈ ರೋಗವನ್ನು 1942ರಲ್ಲಿ ಬಾಸ್ಟನ್ನಿನ ವೈದ್ಯ ಟೆರಿ ವರ್ಣಿಸಿದನು. ಕೂಸನ್ನು ಬದುಕಿಸಲೆಂದು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಕಾರಣವಿರಬಹುದೆಂದು 1951ರಲ್ಲಿ ಮೆಲ್ಬೋರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಸೂಚಿಸಿದರು. ಅಮೆರಿಕದ ಪರೀಕ್ಷೆಗಳು ಅದನ್ನು ಸ್ಥಿರಪಡಿಸಿದವು. ಆಮ್ಲಜನಕವನ್ನು ಬಿಗಿಹಿಡಿದಾಗ ಕುರುಡು ಇಳಿಯಿತು, ಆದರೆ ಕೂಸುಗಳ ಸಾವು ಹೆಚ್ಚಿತೆಂದು ಬಳಿಕ ಲೆಕ್ಕ ಹಾಕಿದವರುಂಟು. ಇಂದು ಅದನ್ನು ಅಳೆದು ಕೊಡುತ್ತಾರೆ. ಆದರೂ ತೀರ ಎಳೆಯ ಕೂಸುಗಳಿಗೆ ರೋಗ ತಪ್ಪಿಲ್ಲ.

ಆದುದರಿಂದಲೇ ಪರೀಕ್ಷೆ. ನಮ್ಮ ದೇಶದ ನಿಯಮದಂತೆ 34 ವಾರಗಳಿಗೆ ಮೊದಲು ಹುಟ್ಟಿದ, ಅಥವಾ 2000 ಗ್ರಾಂಗಿಂತ ಕಡಮೆ ತೂಗುವ ಕೂಸಿನ ಕಣ್ಣನ್ನು ಹುಟ್ಟಿದ ಮೂವತ್ತು ದಿನದೊಳಗೆ ನೋಡಬೇಕು. 28 ವಾರಗಳಿಗೂ ಮೊದಲು ಹುಟ್ಟಿದುದಾದರೆ ಎರಡು ಮೂರು ವಾರದೊಳಗೇ. ಔಷಧಿಯ ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ, ರೆಪ್ಪೆ ಮುಚ್ಚದಂತೆ ಹಿಡಿದು, ಒಳಗನ್ನು ಬೆಳಕಿನಿಂದ ನೋಡುತ್ತಾರೆ. ಕೂಸು ಅಳುತ್ತದೆ, ತಾಯಿಯ ಕರುಳು ಚುರುಕೆನ್ನುತ್ತದೆ. ಕೆಲವೇ ನಿಮಿಷದಲ್ಲಿ ಮುಗಿಯುವ ಕೆಲಸ. ಅನೇಕ ಕೂಸುಗಳಲ್ಲಿ ರೋಗ ತಾನಾಗಿಯೇ ಅಡಗುತ್ತದೆ. ಚಿಕಿತ್ಸೆ ಬೇಕೆಂದಾದರೆ ಮಾತ್ರ ಎರಡು ಮೂರು ದಿನಕ್ಕಿಂತ ಕಾಯುವಂತಿಲ್ಲ. ಲೇಸರ್ ಕಿರಣದಿಂದ ಸುಟ್ಟು ಕೆಟ್ಟ ಬೆಳವಣಿಗೆಯನ್ನು ತಡೆಯಬೇಕು.

ಇಲ್ಲಿ ಅಡ್ಡಿಯಾಗುವುದು ನಮ್ಮ ಬಾಣಂತಿತನ. ಮೂವತ್ತನೆಯ ದಿನವೆಂದರೆ ತಾಯಿ ಮಗು ತವರಿನ ಕತ್ತಲೆ ಕೋಣೆಯಲ್ಲಿ ಬೆಚ್ಚಗಿರುವ ಕಾಲ. “ಇಷ್ಟು ಎಳೆಯ ಕೂಸನ್ನು ಗಾಳಿಗೆ ಒಯ್ಯುವುದುಂಟೆ? ಮೂರು ತಿಂಗಳಾಗಲಿ” ಎನ್ನುವ ಅಜ್ಜಿಯ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ಆದರೆ ಮೂರು ತಿಂಗಳು ಈ ರೋಗಕ್ಕೆ ಬಹು ದೀರ್ಘ ಕಾಲ.

ಅಜ್ಜಿಯರನ್ನಷ್ಟೇ ದೂರುವುದೂ ನ್ಯಾಯವಲ್ಲ. 1996ರಲ್ಲಿ ಚೆನ್ನೈಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 29ನೆಯ ವಾರಕ್ಕೆ ಹುಟ್ಟಿದ, 1250 ಗ್ರಾಂ ತೂಕದ ಹೆಣ್ಣುಕೂಸನ್ನು ಕಣ್ಣಿನ ಪರೀಕ್ಷೆಯಿಲ್ಲದೆಯೇ ಮನೆಗೆ ಕಳುಹಿಸಿದರು. ಕೂಸಿನ ದೃಷ್ಟಿ ಹೋಯಿತು. ತಂದೆ ನ್ಯಾಯಾಲಯದ ಮೆಟ್ಟಲು ಹತ್ತಿದರು. ಸುಪ್ರೀಂ ಕೋರ್ಟು ಪರಿಹಾರ ಕೊಡಿಸಿದುದು 2015ರಲ್ಲಿ. ಆಗ ಮಗಳಿಗೆ ಹದಿನೆಂಟು ವರ್ಷ.

ಕಣ್ಣಿನ ವೈದ್ಯರು ಊರೂರಿಗೆ ಸಿಗುವುದಿಲ್ಲವೆಂಬುದೂ ನಿಜವೇ. ಅದಕ್ಕೆಂದೇ ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ‘ಕಿಡ್ರಾಪ್’ ಎಂಬ ಯೋಜನೆಯನ್ನು ಆರಂಭಿಸಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಅಕ್ಷಿಪಟದ ಚಿತ್ರ ತೆಗೆದರು. ವೈದ್ಯರು ದೂರದಿಂದಲೇ ಇಂಟರ್ನೆಟ್ಟಿನಲ್ಲಿ ಅದನ್ನು ನೋಡಿ ಅಭಿಪ್ರಾಯ ಹೇಳಿದರು.

ಒಮ್ಮೆ ನೋಡಿಸಿ ಸುಮ್ಮನಾಗುವಂತೆಯೂ ಇಲ್ಲ. ನಾಳಗಳು ಅಂಚು ಮುಟ್ಟಿದುವೆಂದು ವೈದ್ಯರು ಹೇಳುವವರೆಗೆ ವಾರಕ್ಕೋ ಹದಿನೈದು ದಿನಕ್ಕೋ ಹೋಗಬೇಕಾಗುತ್ತದೆ. ಆಸ್ಪತ್ರೆ ಬಿಡುವಾಗ ಕೊಡುವ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ತಾರೀಖನ್ನು ಬರೆಸಿಕೊಳ್ಳಬೇಕು. ತವರು ದೂರದ ಊರಾದರೆ, ಅಲ್ಲಿಗೆ ಹತ್ತಿರದಲ್ಲಿ ಎಲ್ಲಿ ಪರೀಕ್ಷೆ ಉಂಟೆಂಬುದನ್ನು ಹೊರಡುವ ಮೊದಲೇ ಕೇಳಿಕೊಂಡಿರುವುದು ಒಳ್ಳೆಯದು.