ಬೇವಿನ ಸಾರ, ಬೆಳ್ಳಿಯ ಕಣ
ಬೇವಿನೆಲೆಯ ಸಾರವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿಟ್ಟರೆ ಕೆಲವೇ ಗಂಟೆಗಳಲ್ಲಿ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಎಲೆಯಲ್ಲಿರುವ ಫ್ಲೇವನಾಯ್ಡ್, ಟರ್ಪಿನಾಯ್ಡ್‌ಗಳಂಥ ಸಂಯುಕ್ತಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನುಗಳನ್ನು ಕೊಟ್ಟು ಅವನ್ನು ಲೋಹವಾಗಿಸುವುದಲ್ಲದೆ, ಹಾಗೆ ಹುಟ್ಟಿದ ಕಣಗಳನ್ನು ತಾವೇ ಸುತ್ತುವರಿದು ಅವು ಒಂದಕ್ಕೊಂದು ಅಂಟಿ ದಪ್ಪಗಾಗದಂತೆ ತಡೆಯುತ್ತವೆ. ಒಂದರಿಂದ ನೂರು ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ಶತಕೋಟಿಯಲ್ಲಿ ಒಂದು ಭಾಗ) ಅಳತೆಯಲ್ಲಿರುವ ಇಂಥ ಕಣಗಳೇ ನ್ಯಾನೊಕಣಗಳು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಮತ್ತು ಸಹೋದ್ಯೋಗಿಗಳು ಬೇವಿನ ಸಾರದಿಂದ ಬೆಳ್ಳಿ, ಚಿನ್ನಗಳ ಕಣಗಳನ್ನು ಪಡೆದುದನ್ನು 2004ರಲ್ಲಿ ಪ್ರಕಟಿಸಿದ ಮೇಲೆ ತುಳಸಿ, ನುಗ್ಗೆ, ಅರಿಸಿನಗಳ ಸರದಿ ಬಂತು. ಅಂಗಳದ ಗಿಡಗಳು ಮುಗಿದರೂ ಪ್ರಬಂಧಗಳು ಮುಗಿಯುವ ಲಕ್ಷಣವಿಲ್ಲ.

ಈ ಉತ್ಸಾಹಕ್ಕೆ ಕಾರಣವಿದೆ: ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದು. ಔಷಧನಿರೋಧಕ ಬ್ಯಾಕ್ಟೀರಿಯಾಗಳ ಸೋಂಕು 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ನೇರ ಕಾರಣವಾಯಿತೆಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಜೀನುಗಳಿಂದ ಬರುವ ನಿರೋಧಕತೆಯ ಜೊತೆಗೆ ಬಯೋಫಿಲ್ಮ್ ಎಂಬ ಇನ್ನೊಂದು ತೊಡಕೂ ಇದೆ. ಮೂತ್ರ ಹೊರಹರಿಸಲು ತೊಡಿಸುವ ಕ್ಯಾತಿಟರ್ ಕೊಳವೆಯ ಒಳಗೋಡೆ, ಕೃತಕ ಕೀಲು, ವಾಸಿಯಾಗದ ಹುಣ್ಣು ಮೊದಲಾದ ಕಡೆ ನೆಲೆಯೂರಿದ ಬ್ಯಾಕ್ಟೀರಿಯಾಗಳು ಸಕ್ಕರೆಯ ಸರಪಣಿ, ಪ್ರೋಟೀನು ಮತ್ತು ಡಿಎನ್‌ಎಗಳಿಂದ ಕೂಡಿದ ಲೋಳೆಯನ್ನು ಸ್ರವಿಸಿ ಅದರೊಳಗೆ ಗುಂಪಾಗಿ ಬದುಕುತ್ತವೆ. ಆಳದಲ್ಲಿರುವವು ಆಹಾರ, ಆಮ್ಲಜನಕಗಳ ಕೊರತೆಯಿಂದ ಬೆಳವಣಿಗೆಯನ್ನೇ ಬಹುಪಾಲು ನಿಲ್ಲಿಸಿರುವುದರಿಂದ, ಬೆಳೆಯುವ ಕೋಶವನ್ನು ಗುರಿಯಾಗಿಸಿದ ಆಂಟಿಬಯೋಟಿಕ್‌ಗಳು ಅಲ್ಲಿ ಸೋಲುತ್ತವೆ. ಬೆಳ್ಳಿಯಾದರೋ ಕೋಶಪೊರೆಯನ್ನು ಹರಿದು, ಗಂಧಕವುಳ್ಳ ಪ್ರೋಟೀನುಗಳಿಗೆ ಅಂಟಿ, ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸಿ, ಏಕಕಾಲಕ್ಕೆ ಹಲವು ಕಡೆ ಹೊಡೆಯುತ್ತದೆ.

ಆದರೆ ಬಹಳಷ್ಟು ಪ್ರಬಂಧಗಳ ಸಾಕ್ಷ್ಯವೆಂದರೆ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯಲ್ಲಿ, ಕಣಗಳನ್ನಿಟ್ಟ ಜಾಗದ ಸುತ್ತ ಅವು ಬೆಳೆಯದೆ ಉಳಿದ ಒಂದು ವೃತ್ತ. ಆ ವೃತ್ತ ಬಲಿತ ಬಯೋಫಿಲ್ಮಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಯೋಫಿಲ್ಮ್ ಕಟ್ಟದಂತೆ ತಡೆಯುವುದು ಒಂದು ಕೆಲಸ, ಕಟ್ಟಿದ್ದನ್ನು ಒಡೆಯುವುದು ಅದಕ್ಕಿಂತ ಬಹಳ ಕಠಿಣವಾದ ಕೆಲಸ, ಏಕೆಂದರೆ ಕಣದ ಗಾತ್ರ ಮತ್ತು ವಿದ್ಯುದಂಶಗಳನ್ನು ಅವಲಂಬಿಸಿ ಲೋಳೆ ಅದನ್ನೂ ಮೇಲ್ಪದರದಲ್ಲೇ ಹಿಡಿದಿಡಬಲ್ಲದು. ಬರಿಯ ಎಲೆಸಾರ, ಅಷ್ಟೇ ಪ್ರಮಾಣದ ಬೆಳ್ಳಿಯ ಲವಣ, ಸಿದ್ಧಪಡಿಸಿದ ಕಣ, ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸದ ಪ್ರಬಂಧದಲ್ಲಿ ಬ್ಯಾಕ್ಟೀರಿಯಾವನ್ನು ಕೊಂದದ್ದು ಬೇವೋ ಬೆಳ್ಳಿಯೋ ಎಂಬುದೇ ತಿಳಿಯದು. ಮಣ್ಣು, ಋತು, ಎಲೆಯ ವಯಸ್ಸುಗಳೊಂದಿಗೆ ಸಾರದ ಸಂಯೋಜನೆ ಬದಲಾಗುವುದರಿಂದ, ಮಳೆಗಾಲದ ಎಲೆಯ ಕಣವೂ ಬೇಸಿಗೆಯ ಎಲೆಯ ಕಣವೂ ಒಂದೇ ಔಷಧವೆಂದು ಹೇಳಲಾಗದು.

‘ಹಸಿರು ವಿಧಾನ’ ಎಂಬ ಹೆಸರು ತಯಾರಿಕೆಗೆ ಸಲ್ಲಬಹುದೇ ಹೊರತು, ತಯಾರಾದದ್ದು ಮನುಷ್ಯರ ಕೋಶಗಳಿಗೂ ನೀರಿನ ಜೀವಿಗಳಿಗೂ ವಿಷವಾಗಬಲ್ಲ ಬೆಳ್ಳಿಯೇ. ಅದಕ್ಕೂ ನಿರೋಧಕತೆ ಬೆಳೆಯಬಲ್ಲದು: 1970ರ ದಶಕದಲ್ಲೇ ಅಮೆರಿಕದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡಿತ್ತು. ಪ್ರಯೋಗಾಲಯದ ಫಲಿತಾಂಶ ರೋಗಿಯ ಹಾಸಿಗೆಯವರೆಗೆ ಬರುವಷ್ಟರಲ್ಲಿ ಎಷ್ಟು ಕರಗಬಹುದೆಂಬುದನ್ನು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿದೆ. ಅಲ್ಪಾವಧಿಗೆ ತೊಡಿಸಿದ, ಬೆಳ್ಳಿಯ ಮಿಶ್ರಲೋಹ ಲೇಪಿಸಿದ ಕ್ಯಾತಿಟರುಗಳು ಮೂತ್ರನಾಳದ ಸೋಂಕನ್ನು ಗಮನಾರ್ಹವಾಗಿ ತಗ್ಗಿಸಲಿಲ್ಲ. ಅವು ನ್ಯಾನೊಕಣಗಳಲ್ಲ, ನಿಜ. ಆದರೂ ಸಂಶೋಧನಾ ಅನುದಾನ ಕೊಡುವವರು ಮುಂದಿನ ಗಿಡ ಯಾವುದೆಂದು ಕೇಳುವ ಬದಲು, ಈಗಾಗಲೇ ಕೈಯಲ್ಲಿರುವ ಬೇವಿನ ಕಣವನ್ನು, ರೋಗಿಗೆ ತೊಡಿಸಿ ತೆಗೆದ ಕ್ಯಾತಿಟರಿನ ತುಂಡಿನ ಮೇಲೆ, ಮೂತ್ರದಲ್ಲೇ ಬೆಳೆದ ಬಲಿತ ಬಯೋಫಿಲ್ಮಿನ ಎದುರು ಪರೀಕ್ಷಿಸಲಾಗಿದೆಯೇ ಎಂದು ಕೇಳಬೇಕು.